ವೃತ್ತಿಪರ ಕುಸ್ತಿ, ಸ್ಟೆರಾಯ್ಡ್ ಹಗರಣಗಳು ಮತ್ತು ಮದ್ದಿನ ಪರೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ವೃತ್ತಿಪರ ಕುಸ್ತಿಯ ಮಾತು ಎಲ್ಲಿ ಎದ್ದರೂ ಸ್ವಲ್ಪ ಹೊತ್ತಿನಲ್ಲೇ ಅದು ಸ್ಟೆರಾಯ್ಡಿನ ಕಡೆಗೆ ಹೊರಳುತ್ತದೆ. ಮಾತುಕತೆಗಳಲ್ಲಿ ಮತ್ತು ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡು, ಸರಳವಾದವುಗಳಿಂದ ಸೂಕ್ಷ್ಮವಾದವುಗಳ ಕಡೆಗೆ ಜೋಡಿಸಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ವೃತ್ತಿಪರ ಕುಸ್ತಿ ಅಂದರೆ ಟಿ.ವಿ.ಯಲ್ಲಿ ಬರೋ ಡಬ್ಲ್ಯುಡಬ್ಲ್ಯುಇ ತಾನೆ? ನಮ್ಮ ಗರಡಿ ಕುಸ್ತಿಗೂ ಅದಕ್ಕೂ ಏನಾದರೂ ಸಂಬಂಧ ಇದೆಯಾ?

ಪಟ್ಟುಗಳ ಕೆಲವು ಹೋಲಿಕೆಯನ್ನು ಬಿಟ್ಟರೆ ಹೆಚ್ಚಿನ ಸಂಬಂಧವಿಲ್ಲ. ಮೈಸೂರು ದಸರೆಯ ಅಖಾಡದಲ್ಲಿ ಜೋಡಿ ಕಟ್ಟಿದ ಮೇಲೆ ಯಾರು ಚಿತ್ ಆಗುತ್ತಾರೆಂಬುದು ಮಣ್ಣಿನ ಮೇಲೆಯೇ ತೀರ್ಮಾನವಾಗುತ್ತದೆ. ಡಬ್ಲ್ಯುಡಬ್ಲ್ಯುಇ ಮಾದರಿಯ ಪಂದ್ಯದಲ್ಲಿ ಗೆಲ್ಲುವವರು ಯಾರೆಂಬುದನ್ನು ಕಥೆ ಬರೆಯುವವರು ಮೊದಲೇ ನಿಶ್ಚಯಿಸಿರುತ್ತಾರೆ. 2002ರವರೆಗೆ ಈ ಕಂಪನಿಯ ಹೆಸರು ಡಬ್ಲ್ಯುಡಬ್ಲ್ಯುಎಫ್ ಎಂದಿತ್ತು. ತೊಂಬತ್ತರ ದಶಕದಲ್ಲಿ ಕರ್ನಾಟಕದ ಶಾಲಾ ಹುಡುಗರು ಆಡುತ್ತಿದ್ದ ಟ್ರಂಪ್ ಕಾರ್ಡುಗಳ ಮೇಲೆ ಇದ್ದದ್ದು ಆ ಹಳೆಯ ಹೆಸರೇ. ಆ ಕಾರ್ಡುಗಳಲ್ಲಿ ಎತ್ತರ, ತೂಕ, ಎದೆಯ ಸುತ್ತಳತೆ ಮತ್ತು ತೋಳಿನ ಸುತ್ತಳತೆ ಅಚ್ಚಾಗಿರುತ್ತಿದ್ದವು, ಹೆಚ್ಚಿನ ಅಂಕಿ ಇದ್ದವನು ಎದುರಾಳಿಯ ಕಾರ್ಡನ್ನು ಕಿತ್ತುಕೊಳ್ಳುತ್ತಿದ್ದ. ಈ ಉದ್ಯಮ ಮಾರುತ್ತಿದ್ದ ಸರಕು ಯಾವುದು ಎಂಬುದನ್ನು ಅದಕ್ಕಿಂತ ಸ್ಪಷ್ಟವಾಗಿ ಹೇಳಿದ ದಾಖಲೆಯನ್ನು ನಾನು ಕಂಡಿಲ್ಲ.

ಸೋಲು ಗೆಲುವು ಮೊದಲೇ ನಿಗದಿಯಾಗಿರುವಾಗ ಸ್ಟೆರಾಯ್ಡ್ ತಗೊಂಡರೆ ಅದರಲ್ಲಿ ಮೋಸ ಏನು ಬಂತು?

ಈ ಪ್ರಶ್ನೆ ಕುಚೋದ್ಯದ್ದಲ್ಲ, ಇಡೀ ವಿಷಯದ ಬೇರು ಇಲ್ಲೇ ಇದೆ. ಓಟಗಾರ ಮದ್ದು ತೆಗೆದುಕೊಂಡರೆ ಪಕ್ಕದ ಸಾಲಿನಲ್ಲಿ ಓಡುವವನಿಗೆ ಅನ್ಯಾಯವಾಗುತ್ತದೆ. ವೃತ್ತಿಪರ ಕುಸ್ತಿಯಲ್ಲಿ ಆ ಅರ್ಥದ ಅನ್ಯಾಯವಿಲ್ಲ, ಏಕೆಂದರೆ ಎದುರಾಳಿಯೂ ಅದೇ ಕಥೆಯ ಪಾತ್ರಧಾರಿ. ಆದರೆ ಆ ಕಥೆಯಲ್ಲಿ ದೊಡ್ಡ ಪಾತ್ರ, ಪೋಸ್ಟರಿನ ಮೇಲಿನ ಜಾಗ ಮತ್ತು ಅದರೊಂದಿಗೆ ಬರುವ ಹಣ ಯಾರಿಗೆ ಸಿಗಬೇಕು ಎಂಬುದನ್ನು ಬಹುಮಟ್ಟಿಗೆ ಮೈಕಟ್ಟೇ ನಿರ್ಧರಿಸುತ್ತಿತ್ತು. ಹಾಗಾಗಿ ಇದನ್ನು ಆಟದ ನಿಯಮ ಮುರಿದ ಸಂಗತಿ ಎನ್ನುವುದಕ್ಕಿಂತ ಕೆಲಸದ ಜಾಗದ ಸಂಗತಿ ಎನ್ನುವುದು ಸರಿ: ಕೆಲಸ ಉಳಿಯಬೇಕಾದರೆ ಇಂಥದ್ದೇ ದೇಹ ಬೇಕು ಎಂಬ ಒತ್ತಡವಿದ್ದಾಗ, ಆ ದೇಹವನ್ನು ತಂದುಕೊಳ್ಳುವ ದಾರಿಯ ಹೊಣೆ ಯಾರದು?

ಇನ್ನೊಂದು ಸಂಗತಿಯನ್ನೂ ನೆನಪಿಡಬೇಕು. 1989ರಲ್ಲಿ ಡಬ್ಲ್ಯುಡಬ್ಲ್ಯುಎಫ್ ಕಂಪನಿಯವರೇ ನ್ಯೂ ಜೆರ್ಸಿ ರಾಜ್ಯದ ಶಾಸಕರ ಮುಂದೆ, ತಾವು ನಡೆಸುವುದು ನಿಜವಾದ ಸ್ಪರ್ಧೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡರು. ರಾಜ್ಯದ ಕ್ರೀಡಾ ಆಯೋಗದ ತೆರಿಗೆ ಮತ್ತು ಮೇಲ್ವಿಚಾರಣೆಯಿಂದ ಬಿಡಿಸಿಕೊಳ್ಳುವುದು ಅದರ ಉದ್ದೇಶವಾಗಿತ್ತು. ಸ್ಪರ್ಧೆಯಲ್ಲ ಎಂದಾದ ಮೇಲೆ ಕ್ರೀಡೆಯ ಕಾವಲುಗಾರರಿಗೆ ಅಲ್ಲಿ ಕೆಲಸವೂ ಉಳಿಯಲಿಲ್ಲ.

ನಮ್ಮಜ್ಜಿಗೆ ಉಬ್ಬಸಕ್ಕೆ ಡಾಕ್ಟರು ಸ್ಟೆರಾಯ್ಡ್ ಕೊಟ್ಟಿದ್ದಾರೆ. ಅದೂ ಇದೂ ಒಂದೇನಾ?

ಅಲ್ಲ. ಉಬ್ಬಸ, ಕೀಲುನೋವು ಮತ್ತು ಅಲರ್ಜಿಗೆ ಕೊಡುವವು ಕಾರ್ಟಿಕೋಸ್ಟೆರಾಯ್ಡುಗಳು. ಅವು ಉರಿಯೂತವನ್ನು ತಗ್ಗಿಸುತ್ತವೆ, ಹೆಚ್ಚು ಕಾಲ ಬಳಸಿದರೆ ಸ್ನಾಯುಗಳನ್ನು ಬೆಳೆಸುವ ಬದಲು ಸವೆಸುತ್ತವೆ. ಇಲ್ಲಿ ಮಾತಾಡುತ್ತಿರುವುದು ಅನಬಾಲಿಕ್ ಸ್ಟೆರಾಯ್ಡುಗಳ ಬಗ್ಗೆ, ಅಂದರೆ ಪುರುಷ ಹಾರ್ಮೋನಾದ ಟೆಸ್ಟೋಸ್ಟೆರಾನ್ ಮತ್ತು ಅದನ್ನೇ ತಿದ್ದಿ ತಯಾರಿಸಿದ ಡಯನಬಾಲ್, ಡೆಕಾ ಡ್ಯೂರಾಬಾಲಿನ್, ವಿನ್‌ಸ್ಟ್ರಾಲ್ ಮುಂತಾದ ಔಷಧಗಳ ಬಗ್ಗೆ. ಅಜ್ಜಿಯವರ ಔಷಧವನ್ನು ಹೆದರಿ ನಿಲ್ಲಿಸಬೇಡಿ.

ಸ್ಟೆರಾಯ್ಡ್ ತಗೊಂಡು ಸುಮ್ಮನೆ ಕೂತರೂ ಮೈ ಕಟ್ಟುತ್ತಂತೆ, ನಿಜವಾ?

ನಂಬಲು ಕಷ್ಟವಾದರೂ ಒಂದು ಮಟ್ಟಿಗೆ ನಿಜ. 1996ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಸಿದ್ಧ ಪ್ರಯೋಗವೊಂದರಲ್ಲಿ ಆರೋಗ್ಯವಂತ ಗಂಡಸರಿಗೆ ಹತ್ತು ವಾರಗಳ ಕಾಲ ವಾರಕ್ಕೆ 600 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ಕೊಡಲಾಯಿತು. ವ್ಯಾಯಾಮ ಮಾಡದೆ ಮದ್ದು ಮಾತ್ರ ತೆಗೆದುಕೊಂಡವರ ಕೊಬ್ಬುರಹಿತ ತೂಕ ಸುಮಾರು 3 ಕಿಲೋ ಏರಿತು, ಮದ್ದಿಲ್ಲದೆ ವ್ಯಾಯಾಮ ಮಾತ್ರ ಮಾಡಿದವರದು ಸುಮಾರು 2 ಕಿಲೋ, ಎರಡನ್ನೂ ಮಾಡಿದವರದು ಸುಮಾರು 6 ಕಿಲೋ. ಕುಸ್ತಿಪಟುಗಳು ಬೆವರು ಸುರಿಸದೆ ದೇಹ ಕಟ್ಟಿದರೆಂದು ಇದರಿಂದ ತಿಳಿಯಬಾರದು. ಅವರ ಶ್ರಮ ನಿಜವಾದದ್ದೇ, ಆದರೆ ಆ ಶ್ರಮವೊಂದರಿಂದಲೇ ಅಷ್ಟು ದೇಹ ಬಂದಿತೆಂಬ ಮಾತು ಹಲವರ ವಿಷಯದಲ್ಲಿ ನಿಜವಾಗಿರಲಿಲ್ಲ.

ದೇಹಕ್ಕೆ ನಿಜವಾಗಿ ಏನು ಹಾನಿ? ಸುಮ್ಮನೆ ಹೆದರಿಸುತ್ತಾರಾ?

ಹೊರಗಿನಿಂದ ಹಾರ್ಮೋನು ಬರತೊಡಗಿದ ಕೂಡಲೇ ದೇಹ ತನ್ನದೇ ಉತ್ಪಾದನೆಯನ್ನು ನಿಲ್ಲಿಸುತ್ತದೆ, ವೃಷಣಗಳು ಕುಗ್ಗುತ್ತವೆ, ವೀರ್ಯಾಣುಗಳ ಸಂಖ್ಯೆ ಇಳಿಯುತ್ತದೆ. ಹೆಚ್ಚುವರಿ ಟೆಸ್ಟೋಸ್ಟೆರಾನಿನ ಒಂದು ಪಾಲು ಈಸ್ಟ್ರೋಜನ್ ಆಗಿ ಮಾರ್ಪಡುವುದರಿಂದ ಗಂಡಸರ ಎದೆ ಹೆಣ್ಣಿನಂತೆ ಉಬ್ಬುವುದೂ ಉಂಟು. ನುಂಗುವ ಮಾತ್ರೆಗಳು ಯಕೃತ್ತಿಗೆ ಹೊರೆ. ಆದರೆ ನಿಜವಾದ ಅಪಾಯವಿರುವುದು ಕಣ್ಣಿಗೆ ಕಾಣದ ಹೃದಯದಲ್ಲಿ: ಒಳ್ಳೆಯ ಕೊಲೆಸ್ಟರಾಲ್ ಇಳಿದು ಕೆಟ್ಟದ್ದು ಏರುತ್ತದೆ, ರಕ್ತ ಗಟ್ಟಿಯಾಗುತ್ತದೆ, ತೋಳಿನ ಸ್ನಾಯು ದಪ್ಪವಾಗುವ ಹಾಗೆಯೇ ಹೃದಯದ ಎಡಭಾಗದ ಗೋಡೆಯೂ ದಪ್ಪವಾಗುತ್ತದೆ. ತೋಳಿಗೆ ಅದು ಅಂದವಾದರೆ ಹೃದಯಕ್ಕೆ ರೋಗ.

ಕುಸ್ತಿಪಟುಗಳ ಅಕಾಲ ಮರಣಗಳಲ್ಲಿ ಸ್ಟೆರಾಯ್ಡ್ ಒಂಟಿಯಾಗಿ ನಿಂತದ್ದು ಕಡಿಮೆ. ವರ್ಷವಿಡೀ ಊರೂರು ತಿರುಗುವ ಬದುಕಿನಲ್ಲಿ ಪೆಟ್ಟಿನ ನೋವಿಗೆ ನೋವುನಿವಾರಕ, ನಿದ್ರೆಗೆ ನಿದ್ರೆಮಾತ್ರೆ, ಎಚ್ಚರಕ್ಕೆ ಕೊಕೇನ್, ಇವುಗಳ ಮೇಲೆ ಮದ್ಯ ಅದರ ಜೊತೆಗೂಡುತ್ತಿದ್ದವು. ಬ್ರಿಟಿಷ್ ಬುಲ್‌ಡಾಗ್ ಎಂದು ಹೆಸರಾದ ಡೇವಿ ಬಾಯ್ ಸ್ಮಿತ್ 2002ರಲ್ಲಿ 39ನೇ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡರು. ರಿಕ್ ರೂಡ್ 1999ರಲ್ಲಿ ಹೋದಾಗ 40, ಬ್ರಯನ್ ಪಿಲ್‌ಮನ್ 1997ರಲ್ಲಿ ಹೋದಾಗ 35.

## ಹಗರಣಗಳು

ಇದೆಲ್ಲ ಮೊದಲು ಹೊರಬಿದ್ದದ್ದು ಹೇಗೆ? ಯಾರೋ ಡಾಕ್ಟರು ಸಿಕ್ಕಿಬಿದ್ದರಂತಲ್ಲ?

ಅವರ ಹೆಸರು ಜಾರ್ಜ್ ಜಹೋರಿಯನ್, ಪೆನ್ಸಿಲ್ವೇನಿಯಾ ರಾಜ್ಯದ ಹ್ಯಾರಿಸ್‌ಬರ್ಗಿನ ವೈದ್ಯರು. ಆ ರಾಜ್ಯದಲ್ಲಿ ಕುಸ್ತಿ ಪ್ರದರ್ಶನ ನಡೆಯುವಾಗ ಕ್ರೀಡಾ ಆಯೋಗದ ಪರವಾಗಿ ಒಬ್ಬ ವೈದ್ಯರು ಹಾಜರಿದ್ದು ಕುಸ್ತಿಪಟುಗಳ ಆರೋಗ್ಯ ನೋಡಬೇಕಿತ್ತು. ಜಹೋರಿಯನ್ ಆ ಸ್ಥಾನದಲ್ಲಿದ್ದವರು, ಮತ್ತು ಅದೇ ಕೋಣೆಯಲ್ಲಿ ಕುಸ್ತಿಪಟುಗಳಿಗೆ ಸ್ಟೆರಾಯ್ಡ್ ಹಾಗೂ ನೋವಿನ ಮಾತ್ರೆಗಳನ್ನು ಮಾರುತ್ತಿದ್ದವರೂ ಅವರೇ. ಊರು ದಾಟಿದವರಿಗೆ ಕೊರಿಯರಿನಲ್ಲಿ ಪೊಟ್ಟಣಗಳು ಹೋಗುತ್ತಿದ್ದವು.

1988ರಲ್ಲಿ ಅಮೆರಿಕದ ಮಾದಕವಸ್ತು ವಿರೋಧಿ ಕಾನೂನಿಗೆ, ಚಿಕಿತ್ಸೆಯ ಉದ್ದೇಶವಿಲ್ಲದೆ ಸ್ಟೆರಾಯ್ಡ್ ಹಂಚುವುದು ಅಪರಾಧ ಎಂಬ ವಿಧಿ ಸೇರಿತ್ತು. 1990ರಲ್ಲಿ ಸಿಕ್ಕಿಬಿದ್ದ ಜಹೋರಿಯನ್, ಆ ವಿಧಿಯಡಿ ತಪ್ಪಿತಸ್ಥರೆಂದು 1991ರ ಜೂನಿನಲ್ಲಿ ತೀರ್ಮಾನವಾದ ಮೊದಲ ವೈದ್ಯರಾದರು. ಮೂರು ವರ್ಷದ ಸೆರೆವಾಸವಾಯಿತು. ರಾಡಿ ಪೈಪರ್ ಸೇರಿದಂತೆ ಕೆಲವು ಕುಸ್ತಿಪಟುಗಳು ಸಾಕ್ಷಿಕಟ್ಟೆಯಲ್ಲಿ ನಿಂತು ತಾವು ಖರೀದಿಸಿದ್ದು ನಿಜವೆಂದು ಹೇಳಿದರು. ಕಾಯಲು ನೇಮಕವಾದವರೇ ಅಂಗಡಿ ತೆರೆದಿದ್ದರು ಎಂಬುದನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಮುಂದೆ ಪರೀಕ್ಷೆಗಳ ಮಾತು ಬಂದಾಗಲೂ ಪ್ರಶ್ನೆ ಇದೇ: ಕಾವಲುಗಾರನಿಗೆ ಸಂಬಳ ಕೊಡುವವರು ಯಾರು?

ಹಲ್ಕ್ ಹೋಗನ್ ಟಿ.ವಿ.ಯಲ್ಲೇ ಸುಳ್ಳು ಹೇಳಿದರು ಅಂತಾರಲ್ಲ, ಏನದು?

ಜಹೋರಿಯನ್ ವಿಚಾರಣೆಯಲ್ಲಿ ಡಬ್ಲ್ಯುಡಬ್ಲ್ಯುಎಫ್‌ನ ದೊಡ್ಡ ತಾರೆಯಾಗಿದ್ದ ಹೋಗನ್ ಹೆಸರು ಕೇಳಿಬಂದರೂ ಅವರಿಗೆ ಸಾಕ್ಷ್ಯ ಹೇಳುವುದರಿಂದ ವಿನಾಯಿತಿ ಸಿಕ್ಕಿತ್ತು. ಅಲ್ಲಿಗೆ ಸುಮ್ಮನಿದ್ದರೆ ಆಗುತ್ತಿತ್ತು. 1991ರ ಜುಲೈನಲ್ಲಿ ಅವರು ಆರ್ಸೆನಿಯೊ ಹಾಲ್ ನಡೆಸುತ್ತಿದ್ದ ಜನಪ್ರಿಯ ಮಾತುಕತೆಯ ಕಾರ್ಯಕ್ರಮಕ್ಕೆ ಹೋಗಿ, ಗಾಯದ ಚಿಕಿತ್ಸೆಗೆಂದು ಕೆಲವೇ ಸಲ ತೆಗೆದುಕೊಂಡದ್ದು ಬಿಟ್ಟರೆ ತಾವು ಸ್ಟೆರಾಯ್ಡ್ ಬಳಸುವವರಲ್ಲ ಎಂದರು. ಪ್ರಾರ್ಥನೆ ಮಾಡಿ, ವಿಟಮಿನ್ ತಿನ್ನಿ ಎಂದು ಮಕ್ಕಳಿಗೆ ಹೇಳುತ್ತಲೇ ದೇವರಂತಾಗಿದ್ದ ಮನುಷ್ಯ ಅವರು. ಮೂರು ವರ್ಷಗಳ ನಂತರ, 1994ರ ಜುಲೈ 14ರಂದು, ಶಿಕ್ಷೆಯಿಂದ ರಕ್ಷಣೆಯ ಭರವಸೆ ಪಡೆದು ಫೆಡರಲ್ ನ್ಯಾಯಾಲಯದಲ್ಲಿ ನಿಂತ ಹೋಗನ್, 1976ರಿಂದಲೇ ಮೈಗಾತ್ರಕ್ಕಾಗಿ ಸ್ಟೆರಾಯ್ಡ್ ಬಳಸುತ್ತಿದ್ದುದಾಗಿಯೂ ಟಿ.ವಿ.ಯಲ್ಲಿ ಹೇಳಿದ್ದು ನಿಜವಲ್ಲವೆಂದೂ ಒಪ್ಪಿಕೊಂಡರು. ಕಂಪನಿಯ ಕಚೇರಿಗೆ ಹೋದಾಗ ತಮ್ಮ ಚೆಕ್ಕು ಮತ್ತು ಅಭಿಮಾನಿಗಳ ಪತ್ರಗಳ ಜೊತೆಗೆ ಸ್ಟೆರಾಯ್ಡನ್ನೂ ಪಡೆದುಕೊಂಡು ಬರುತ್ತಿದ್ದ ವಿವರವೂ ಅದೇ ಸಾಕ್ಷ್ಯದಲ್ಲಿದೆ. ಅವರು 2025ರ ಜುಲೈನಲ್ಲಿ ತಮ್ಮ 71ನೇ ವಯಸ್ಸಿನಲ್ಲಿ ತೀರಿಕೊಂಡರು.

ವಿನ್ಸ್ ಮ್ಯಾಕ್‌ಮಹೊನ್ ಆ ಕೇಸಿನಲ್ಲಿ ಜೈಲಿಗೆ ಹೋಗಿದ್ದರು ಅಲ್ಲವೇ?

ಹೋಗಲಿಲ್ಲ, ಖುಲಾಸೆಯಾದರು. ಕಂಪನಿಯ ಒಡೆಯರಾಗಿದ್ದ ಅವರ ಮೇಲೆ 1993ರ ನವೆಂಬರಿನಲ್ಲಿ ಸ್ಟೆರಾಯ್ಡ್ ಹಂಚಿಕೆಯ ಆರೋಪ ಹೊರಿಸಲಾಯಿತು. ನ್ಯೂಯಾರ್ಕಿನ ಲಾಂಗ್ ಐಲೆಂಡ್ ಭಾಗದ ಯೂನಿಯನ್‌ಡೇಲಿನಲ್ಲಿ 1994ರ ಜುಲೈ ತಿಂಗಳಲ್ಲಿ ವಿಚಾರಣೆ ನಡೆದು, 22ರಂದು ಜ್ಯೂರಿ ಅವರನ್ನು ನಿರ್ದೋಷಿ ಎಂದಿತು. ಕುತ್ತಿಗೆಯ ಶಸ್ತ್ರಚಿಕಿತ್ಸೆಯ ಪಟ್ಟಿ ಕಟ್ಟಿಕೊಂಡು ನ್ಯಾಯಾಲಯಕ್ಕೆ ಬರುತ್ತಿದ್ದ ಅವರ ಚಿತ್ರ ಅನೇಕರಿಗೆ ನೆನಪಿರಬಹುದು.

ಸರ್ಕಾರದ ಪ್ರಕರಣ ಕುಸಿದದ್ದಕ್ಕೆ ಕಾರಣಗಳು ಹಲವು. ಹಂಚಿಕೆಯ ಕೃತ್ಯ ಆ ನ್ಯಾಯಾಲಯದ ವ್ಯಾಪ್ತಿಯಲ್ಲೇ ನಡೆಯಿತೆಂದು ತೋರಿಸಲಾಗದೆ ನೇರ ಹಂಚಿಕೆಯ ಆರೋಪಗಳು ಜ್ಯೂರಿಯ ಮುಂದೆ ಹೋಗುವ ಮೊದಲೇ ಬಿದ್ದುಹೋದವು, ಒಳಸಂಚಿನ ಆರೋಪವೊಂದೇ ಉಳಿಯಿತು. ಮುಖ್ಯ ಸಾಕ್ಷಿಯಾಗಿದ್ದ ಹೋಗನ್, ತಾವು ಸ್ಟೆರಾಯ್ಡ್ ತೆಗೆದುಕೊಂಡದ್ದು ನಿಜ, ಆದರೆ ಮ್ಯಾಕ್‌ಮಹೊನ್ ತೆಗೆದುಕೋ ಎಂದು ಹೇಳಿರಲಿಲ್ಲ ಎಂದರು. ಹೇಳಿದ್ದುಂಟು ಎಂದ ಕುಸ್ತಿಪಟು ನೇಲ್ಸ್, ಒಡೆಯರೊಂದಿಗೆ ಜಗಳವಾಡಿಕೊಂಡು ಕೆಲಸ ಕಳೆದುಕೊಂಡಿದ್ದವರು. ಪಾಟೀಸವಾಲಿನಲ್ಲಿ ಅವರು ಮ್ಯಾಕ್‌ಮಹೊನ್ ಮೇಲಿನ ದ್ವೇಷವನ್ನು ಮುಚ್ಚಿಡದ್ದರಿಂದ ಅವರ ಮಾತಿಗೆ ತೂಕ ಉಳಿಯಲಿಲ್ಲ. ಪ್ರಕರಣದ ಬಹುಪಾಲು ಘಟನೆಗಳು ನಡೆದ ಕಾಲಕ್ಕೆ ಸ್ಟೆರಾಯ್ಡ್ ಇನ್ನೂ ನಿಯಂತ್ರಿತ ವಸ್ತುಗಳ ಪಟ್ಟಿಗೇ ಸೇರಿರಲಿಲ್ಲ ಎಂಬುದೂ ಇದೆ, ಅದು ಸೇರಿದ್ದು 1990ರ ಕಾನೂನು 1991ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಮೇಲೆ. ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲದ ಒತ್ತಡವನ್ನು ಕ್ರಿಮಿನಲ್ ಕಾನೂನಿನ ತಕ್ಕಡಿಯಲ್ಲಿ ತೂಗಲಾಗಲಿಲ್ಲ ಎಂಬುದು ನನ್ನ ಓದು.

ಆ ಕಾಲದಲ್ಲಿ ಪೈಲ್ವಾನರೆಲ್ಲ ಇದ್ದಕ್ಕಿದ್ದಂತೆ ಸಣ್ಣಗಾದರು ಅಂತ ನಮ್ಮಣ್ಣ ಹೇಳ್ತಿದ್ದ. ಹೌದಾ?

ನಿಮ್ಮಣ್ಣ ಚೆನ್ನಾಗಿ ಗಮನಿಸಿದ್ದಾರೆ. ಜಹೋರಿಯನ್ ತೀರ್ಪಿನ ಬೆನ್ನಲ್ಲೇ ಕಂಪನಿ ಸ್ಟೆರಾಯ್ಡ್ ಪರೀಕ್ಷೆಯನ್ನು ಘೋಷಿಸಿ, ಕೆನಡಾದ ಮೌರೊ ಡಿ ಪಾಸ್ಕ್ವಾಲೆ ಎಂಬ ವೈದ್ಯರ ನೆರವಿನಿಂದ ಅದನ್ನು ಜಾರಿಗೆ ತಂದಿತು. 1992ರ ಕೊನೆಗೆ ಅಲ್ಟಿಮೇಟ್ ವಾರಿಯರ್ ಮತ್ತು ಬ್ರಿಟಿಷ್ ಬುಲ್‌ಡಾಗ್ ಇಬ್ಬರೂ ಹೊರಬಿದ್ದರು. ಅದೇ ಅಕ್ಟೋಬರಿನಲ್ಲಿ ಬ್ರೆಟ್ ಹಾರ್ಟ್ ಚಾಂಪಿಯನ್ ಆದರು. ಕೈಚಳಕವೇ ಬಂಡವಾಳವಾಗಿದ್ದ ಅಂಥವರು ಮುಂಚೂಣಿಗೆ ಬಂದದ್ದು ಪರೀಕ್ಷೆಯಿಂದಲೇ ಎಂದು ಹೇಳಲಾಗದು, ಆದರೆ ಅವರಿಗೆ ಜಾಗ ತೆರವಾದದ್ದು ಆಗ. ಮ್ಯಾಕ್‌ಮಹೊನ್ ನಡೆಸುತ್ತಿದ್ದ ದೇಹದಾರ್ಢ್ಯ ಸ್ಪರ್ಧೆಯ ಸಂಸ್ಥೆಯೂ 1992ರಲ್ಲೇ ಬಾಗಿಲು ಹಾಕಿತು.

ಈ ಎಚ್ಚರ ಹೆಚ್ಚು ಕಾಲ ಬಾಳಲಿಲ್ಲ. ಪ್ರತಿಸ್ಪರ್ಧಿ ಕಂಪನಿ ಡಬ್ಲ್ಯುಸಿಡಬ್ಲ್ಯು ಜೊತೆ ಪೈಪೋಟಿ ಬಿರುಸಾಗಿದ್ದ 1996ರಲ್ಲಿ, ಖರ್ಚಿನ ಕಾರಣ ಕೊಟ್ಟು ಪರೀಕ್ಷೆಯನ್ನು ನಿಲ್ಲಿಸಲಾಯಿತು. ಭಾರತದಲ್ಲಿ ಈ ಕುಸ್ತಿ ಮನೆಮನೆಗೆ ತಲುಪಿದ ವರ್ಷಗಳಲ್ಲಿ ಅಂಥ ನಿಯಮಿತ ಪರೀಕ್ಷೆ ಇರಲೇ ಇಲ್ಲ.

ಎಡ್ಡಿ ಗೆರೆರೊ ಸತ್ತಾಗ ಅವರು ಮದ್ದು ಬಿಟ್ಟಿದ್ದರಲ್ಲ? ಮತ್ತೆ ಯಾಕೆ ಅವರ ಹೆಸರು ಬರುತ್ತೆ?

ಚಟಗಳಿಂದ ಹೊರಬಂದು ನಾಲ್ಕು ವರ್ಷ ನಿಯಮದಲ್ಲಿದ್ದರೆಂಬುದು ಅವರ ಮನೆಯವರೂ ಗೆಳೆಯರೂ ಹೇಳಿದ ಮಾತು. 2005ರ ನವೆಂಬರ್ 13ರಂದು ಮಿನಿಯಾಪೊಲಿಸಿನ ಹೋಟೆಲ್ ಕೋಣೆಯಲ್ಲಿ ಅವರು ಹೃದಯ ನಿಂತು ತೀರಿಕೊಂಡಾಗ ವಯಸ್ಸು 38. ಬಿಟ್ಟ ಮೇಲೂ ಹಿಂದಿನ ವರ್ಷಗಳ ಬಳಕೆಯ ಗುರುತು ಹೃದಯದಲ್ಲಿ ಉಳಿದಿರಬಲ್ಲದು. ಆ ಸಾವಿನ ಕೆಲವೇ ತಿಂಗಳಲ್ಲಿ, 2006ರ ಫೆಬ್ರವರಿಯಲ್ಲಿ, ಕಂಪನಿ ವೆಲ್‌ನೆಸ್ ಪ್ರೋಗ್ರಾಂ ಎಂಬ ಹೊಸ ಪರೀಕ್ಷಾ ವ್ಯವಸ್ಥೆಯನ್ನು ಪ್ರಕಟಿಸಿತು. ಅದರಲ್ಲಿ ಹೃದಯ ತಪಾಸಣೆಯೂ ಸೇರಿದ್ದಕ್ಕೆ ಕಾರಣ ಇದೇ.

ಕ್ರಿಸ್ ಬೆನ್ವಾ ಹೆಂಡತಿ ಮಗುವನ್ನು ಕೊಂದದ್ದು ಸ್ಟೆರಾಯ್ಡಿನ ಸಿಟ್ಟಿನಿಂದ ಅಂತ ಆಗ ಎಲ್ಲ ಕಡೆ ಬಂದಿತ್ತು. ಅದು ಸಾಬೀತಾಯಿತಾ?

ಇಲ್ಲ. 2007ರ ಜೂನ್ ಕೊನೆಯಲ್ಲಿ ಜಾರ್ಜಿಯಾ ರಾಜ್ಯದ ಫಯೆಟ್‌ವಿಲ್ ಬಳಿಯ ಮನೆಯಲ್ಲಿ ಬೆನ್ವಾ ತಮ್ಮ ಪತ್ನಿಯನ್ನೂ ಏಳು ವರ್ಷದ ಮಗನನ್ನೂ ಕೊಂದು ನೇಣು ಹಾಕಿಕೊಂಡರು. ಅವರ ಮೂತ್ರದಲ್ಲಿ ಟೆಸ್ಟೋಸ್ಟೆರಾನ್ ಬಹಳ ಹೆಚ್ಚಿನ ಮಟ್ಟದಲ್ಲಿತ್ತು. ಆದರೆ ಕೃತ್ಯಕ್ಕೆ ಅದೇ ಕಾರಣವೆಂದು ಹೇಳಲು ವೈದ್ಯಶಾಸ್ತ್ರದಲ್ಲಿ ಒಮ್ಮತದ ಆಧಾರವಿಲ್ಲ ಎಂದೇ ರಾಜ್ಯದ ವೈದ್ಯಾಧಿಕಾರಿ ಹೇಳಿದರು. ದಿನಗಳ ಅಂತರದಲ್ಲಿ ಒಂದಾದ ಮೇಲೊಂದರಂತೆ ನಡೆದ ಕೊಲೆಗಳನ್ನು ಕ್ಷಣದ ಸಿಟ್ಟಿಗೆ ಕಟ್ಟುವುದೂ ಕಷ್ಟ. ಮುಂದೆ ಅವರ ಮೆದುಳನ್ನು ಪರೀಕ್ಷಿಸಿದ ತಜ್ಞರು, ತಲೆಗೆ ಬಿದ್ದ ಪೆಟ್ಟುಗಳಿಂದ ಬರುವ ಸಿಟಿಇ ಎಂಬ ಮೆದುಳಿನ ಸವೆತ ತೀವ್ರವಾಗಿದ್ದುದನ್ನು ಕಂಡರು, ಆಲ್ಜೈಮರ್ ಕಾಯಿಲೆಯ 85 ವರ್ಷದವರ ಮೆದುಳಿಗೆ ಅದನ್ನು ಹೋಲಿಸಿದರು. ಅದೊಂದೇ ಕಾರಣವೆನ್ನುವುದೂ ಆತುರವಾದೀತು.

ಸಾಬೀತಾದ ಸಂಗತಿ ಬೇರೆ ಇದೆ. ಬೆನ್ವಾಗೆ ಔಷಧ ಬರೆದುಕೊಡುತ್ತಿದ್ದ ವೈದ್ಯ ಫಿಲ್ ಆಸ್ಟಿನ್ ಕಾನೂನುಬಾಹಿರವಾಗಿ ಔಷಧ ಚೀಟಿಗಳನ್ನು ಕೊಟ್ಟ 175 ಆರೋಪಗಳನ್ನು ಒಪ್ಪಿಕೊಂಡು 2009ರಲ್ಲಿ ಹತ್ತು ವರ್ಷದ ಶಿಕ್ಷೆ ಪಡೆದರು. ಮತ್ತೊಂದು, ಇನ್ನೂ ಕಿರಿಕಿರಿಯಾಗುವ ಸಂಗತಿಯೆಂದರೆ, ಕೊಲೆಗಳು ನಡೆದ 2007ರ ಏಪ್ರಿಲ್ 10ರ ಕಂಪನಿಯ ಪರೀಕ್ಷೆಯಲ್ಲಿ ಬೆನ್ವಾ ತೇರ್ಗಡೆಯಾಗಿದ್ದರು.

ಸಿಗ್ನೇಚರ್ ಫಾರ್ಮಸಿ ಪ್ರಕರಣ ಅಂದರೇನು?

ಫ್ಲಾರಿಡಾದ ಒರ್ಲ್ಯಾಂಡೊ ನಗರದ ಈ ಔಷಧಾಲಯ, ರೋಗಿಯ ಮುಖವನ್ನೇ ನೋಡದ ವೈದ್ಯರ ಚೀಟಿಗಳ ಮೇಲೆ ಅಂತರ್ಜಾಲದ ಮೂಲಕ ಸ್ಟೆರಾಯ್ಡ್ ಮತ್ತು ಬೆಳವಣಿಗೆಯ ಹಾರ್ಮೋನು ಕಳಿಸುತ್ತಿದೆಯೆಂದು ನ್ಯೂಯಾರ್ಕ್ ರಾಜ್ಯದ ಆಲ್ಬನಿಯ ಪ್ರಾಸಿಕ್ಯೂಟರರು 2007ರಲ್ಲಿ ತನಿಖೆ ನಡೆಸಿದರು. ಗಿರಾಕಿಗಳ ಪಟ್ಟಿಯಲ್ಲಿ ಕುಸ್ತಿಪಟುಗಳಿದ್ದರು. ಆಗಸ್ಟ್ ಕೊನೆಗೆ ಡಬ್ಲ್ಯುಡಬ್ಲ್ಯುಇ ಹತ್ತು ಮಂದಿಯನ್ನು ಅಮಾನತು ಮಾಡಿತು. ಅವರನ್ನು ಹಿಡಿದದ್ದು ಆಗಲೇ ಒಂದೂವರೆ ವರ್ಷದಿಂದ ನಡೆಯುತ್ತಿದ್ದ ಮೂತ್ರ ಪರೀಕ್ಷೆಯಲ್ಲ, ಔಷಧದಂಗಡಿಯ ಲೆಕ್ಕದ ಪುಸ್ತಕ.

## ಪರೀಕ್ಷೆಯ ಒಳಗು

ವೆಲ್‌ನೆಸ್ ಪ್ರೋಗ್ರಾಂ ನಿಯಮ ಏನು? ಸಿಕ್ಕಿಬಿದ್ದರೆ ಏನಾಗುತ್ತೆ?

ಮೊದಲ ಸಲ 30 ದಿನ, ಎರಡನೇ ಸಲ 60 ದಿನ ಸಂಬಳವಿಲ್ಲದ ಅಮಾನತು, ಮೂರನೇ ಸಲಕ್ಕೆ ಗುತ್ತಿಗೆ ರದ್ದು. ಪರೀಕ್ಷೆಯ ಹೊಣೆಯನ್ನು ನ್ಯಾಶ್‌ವಿಲ್‌ನ ಏಜಿಸ್ ಎಂಬ ಪ್ರಯೋಗಾಲಯಕ್ಕೂ ಅದರ ಮುಖ್ಯಸ್ಥ ಡೇವಿಡ್ ಬ್ಲ್ಯಾಕ್ ಅವರಿಗೂ ಒಪ್ಪಿಸಲಾಯಿತು. 2007ರ ನವೆಂಬರಿನಿಂದ ಅಮಾನತಾದವರ ಹೆಸರನ್ನು ಬಹಿರಂಗಪಡಿಸುವ ಪದ್ಧತಿ ಬಂತು. ದೊಡ್ಡ ಹೆಸರುಗಳಿಗೂ ಶಿಕ್ಷೆಯಾದದ್ದುಂಟು: 2008ರಲ್ಲಿ ವಿಲಿಯಂ ರೀಗಲ್, 2009ರಲ್ಲಿ ರೇ ಮಿಸ್ಟೀರಿಯೊ, 2012ರಲ್ಲಿ ಎರಡನೇ ಬಾರಿಗೆ ರ‍್ಯಾಂಡಿ ಆರ್ಟನ್. 2016ರ ಜೂನಿನಲ್ಲಿ ಕಂಪನಿಯ ಮುಖವೇ ಆಗಿದ್ದ ರೋಮನ್ ರೇನ್ಸ್ 30 ದಿನ ಹೊರಗುಳಿದು ಬಹಿರಂಗವಾಗಿ ಕ್ಷಮೆ ಕೇಳಿದರು. ಯಾವ ವಸ್ತುವಿಗಾಗಿ ಶಿಕ್ಷೆ ಎಂಬುದನ್ನು ಮಾತ್ರ ಕಂಪನಿ ಸಾಮಾನ್ಯವಾಗಿ ಹೇಳುವುದಿಲ್ಲ.

ಮೂತ್ರ ನೋಡಿ ಟೆಸ್ಟೋಸ್ಟೆರಾನ್ ಹೊರಗಿಂದ ಬಂದದ್ದು ಅಂತ ಹೇಗೆ ಗೊತ್ತಾಗುತ್ತೆ? ಅದು ಎಲ್ಲರ ಮೈಯಲ್ಲೂ ಇರುತ್ತಲ್ಲ?

ಡಯನಬಾಲಿನಂಥ ಕೃತಕ ವಸ್ತುವಾದರೆ ಅದರ ಅವಶೇಷ ಸಿಕ್ಕಿದರೇ ಸಾಕು, ದೇಹ ಅದನ್ನು ತಾನೇ ತಯಾರಿಸುವುದಿಲ್ಲ. ಕಷ್ಟವಿರುವುದು ಟೆಸ್ಟೋಸ್ಟೆರಾನಿನಲ್ಲಿಯೇ. ದೇಹ ಟೆಸ್ಟೋಸ್ಟೆರಾನಿನ ಜೊತೆಗೆ ಎಪಿಟೆಸ್ಟೋಸ್ಟೆರಾನ್ ಎಂಬ ನಿಷ್ಕ್ರಿಯ ಸೋದರನನ್ನೂ ತಯಾರಿಸುತ್ತದೆ. ಸಾಮಾನ್ಯವಾಗಿ ಇವೆರಡೂ ಮೂತ್ರದಲ್ಲಿ ಹೆಚ್ಚುಕಡಿಮೆ ಸಮಸಮ ಇರುತ್ತವೆ. ಸೂಜಿಯಲ್ಲಿ ಬಂದದ್ದು ಮೊದಲನೆಯದು ಮಾತ್ರವಾದ್ದರಿಂದ ಅನುಪಾತ ತಪ್ಪುತ್ತದೆ. ಕ್ರೀಡೆಯಲ್ಲಿ ಮದ್ದು ತಡೆಯುವ ಜಾಗತಿಕ ಸಂಸ್ಥೆ ವಾಡಾ 2005ರಿಂದ 4ಕ್ಕೆ 1ರ ಮೇಲಿನದನ್ನು ಅನುಮಾನಾಸ್ಪದವೆಂದು ಪರಿಗಣಿಸಿತು. ಡಬ್ಲ್ಯುಡಬ್ಲ್ಯುಇ ಆರಂಭದಲ್ಲಿ ಇಟ್ಟ ಗೆರೆ 10ಕ್ಕೆ 1, ಅದನ್ನು 4ಕ್ಕೆ ಇಳಿಸಿದ್ದು ಆಮೇಲೆ. ಬೆನ್ವಾ ಮೃತದೇಹದಲ್ಲಿ ಕಂಡ ಅನುಪಾತ 59ಕ್ಕೆ 1 ಎಂಬುದನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ.

ಈ ಅಳತೆಗೋಲು ಎಲ್ಲರಿಗೂ ಸಮಾನವಲ್ಲ. ಯುಜಿಟಿ2ಬಿ17 ಎಂಬ ಜೀನ್ ಇಲ್ಲದವರು ಟೆಸ್ಟೋಸ್ಟೆರಾನನ್ನು ಮೂತ್ರದಲ್ಲಿ ಬಹಳ ಕಡಿಮೆ ಹೊರಹಾಕುತ್ತಾರೆ. ಪೂರ್ವ ಏಷ್ಯಾದವರಲ್ಲಿ ಈ ಲಕ್ಷಣ ಸಾಮಾನ್ಯ. ಅಂಥವರು ಸೂಜಿ ಚುಚ್ಚಿಕೊಂಡರೂ ಅನುಪಾತ ಗೆರೆ ದಾಟದೇ ಇರಬಹುದು. ಅದಕ್ಕೇ ಇಂಗಾಲದ ಐಸೊಟೋಪುಗಳನ್ನು ಅಳೆಯುವ ಎರಡನೇ ಪರೀಕ್ಷೆಯಿದೆ. ಔಷಧದ ಟೆಸ್ಟೋಸ್ಟೆರಾನನ್ನು ಸೋಯಾದಂಥ ಸಸ್ಯಮೂಲದಿಂದ ತಯಾರಿಸುವುದರಿಂದ ಅದರ ಇಂಗಾಲದ ಗುರುತು ದೇಹದ್ದಕ್ಕಿಂತ ಭಿನ್ನ. ಈ ಪರೀಕ್ಷೆಗೆ ಖರ್ಚು ಹೆಚ್ಚು.

ಡಾಕ್ಟರ ಚೀಟಿ ಇದ್ದರೆ ಸ್ಟೆರಾಯ್ಡ್ ತಗೊಂಡರೂ ಮಾಫಿ ಅಂತೆ. ಇದು ಹಿಂಬಾಗಿಲಲ್ಲವೇ?

ಚಿಕಿತ್ಸೆಗಾಗಿ ವಿನಾಯಿತಿ ಕೊಡುವ ಪದ್ಧತಿ ಎಲ್ಲ ಕ್ರೀಡೆಗಳಲ್ಲೂ ಇದೆ, ಅದರಲ್ಲಿ ತಪ್ಪಿಲ್ಲ. ಕುಸ್ತಿಯಲ್ಲಿ ಅದು ವಿಚಿತ್ರವಾದ ಸುತ್ತಾಗಿ ಪರಿಣಮಿಸಿತು. ವರ್ಷಗಟ್ಟಲೆ ಸ್ಟೆರಾಯ್ಡ್ ಬಳಸಿದವರ ದೇಹ ತನ್ನ ಟೆಸ್ಟೋಸ್ಟೆರಾನ್ ತಯಾರಿಕೆಯನ್ನು ನಿಲ್ಲಿಸಿರುತ್ತದೆ. ರಕ್ತದಲ್ಲಿ ಹಾರ್ಮೋನು ಕಡಿಮೆ ಎಂದು ವೈದ್ಯರು ಟೆಸ್ಟೋಸ್ಟೆರಾನ್ ಬರೆದುಕೊಡುತ್ತಾರೆ. ಹೀಗೆ ಹಿಂದಿನ ದುರ್ಬಳಕೆಯೇ ಇಂದಿನ ಪರವಾನಗಿಗೆ ಆಧಾರವಾಗುತ್ತದೆ. ಬೆನ್ವಾಗೂ ಇಂಥ ವಿನಾಯಿತಿ ಇತ್ತು. ಹಿಂಬಾಗಿಲು ಎಂದು ನೀವು ಕರೆದದ್ದು ಅತಿಶಯವೇನಲ್ಲ.

ಗ್ರೋತ್ ಹಾರ್ಮೋನ್ ಪರೀಕ್ಷೆಯಲ್ಲಿ ಸಿಗಲ್ಲವಂತೆ?

ಮೂತ್ರ ಪರೀಕ್ಷೆಯಲ್ಲಿ ಪ್ರಾಯೋಗಿಕವಾಗಿ ಸಿಗುವುದಿಲ್ಲ, ರಕ್ತ ಬೇಕು. ರಕ್ತ ಪರೀಕ್ಷೆ ಮೊದಲು ಬಳಕೆಗೆ ಬಂದದ್ದು 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ. ಅದರಲ್ಲಿ ಮೊದಲ ಆಟಗಾರ, ಬ್ರಿಟನ್ನಿನ ರಗ್ಬಿಪಟು ಟೆರ‍್ರಿ ನ್ಯೂಟನ್, ಸಿಕ್ಕಿಬಿದ್ದದ್ದು 2010ರಲ್ಲಿ. ಸೂಜಿ ಚುಚ್ಚಿಕೊಂಡ ಒಂದೆರಡು ದಿನಗಳಲ್ಲೇ ಆ ಪರೀಕ್ಷೆಗೆ ಸಿಗುವ ಗುರುತು ಅಳಿಸಿಹೋಗುತ್ತದೆ.

ಬ್ರಾಕ್ ಲೆಸ್ನರ್ ಸಿಕ್ಕಿಬಿದ್ದರೂ ಡಬ್ಲ್ಯುಡಬ್ಲ್ಯುಇ ಯಾಕೆ ಸುಮ್ಮನಿತ್ತು?

2016ರ ಜುಲೈನಲ್ಲಿ ಲೆಸ್ನರ್ ನಿಜವಾದ ಕಾದಾಟದ ಯುಎಫ್‌ಸಿ 200ರಲ್ಲಿ ಮಾರ್ಕ್ ಹಂಟ್ ವಿರುದ್ಧ ಗೆದ್ದರು. ಅಲ್ಲಿ ಅಮೆರಿಕದ ಉದ್ದೀಪನ ಮದ್ದು ವಿರೋಧಿ ಸಂಸ್ಥೆ ನಡೆಸಿದ ಪರೀಕ್ಷೆಯಲ್ಲಿ ಪಂದ್ಯದ ಮೊದಲಿನ ಮಾದರಿಯಲ್ಲೂ ಪಂದ್ಯದ ದಿನದ ಮಾದರಿಯಲ್ಲೂ ಕ್ಲೋಮಿಫೀನ್ ಕಂಡುಬಂತು. ಅದು ಸ್ಟೆರಾಯ್ಡ್ ಅಲ್ಲ, ಈಸ್ಟ್ರೋಜನ್ನನ್ನು ತಡೆಯುವ ಔಷಧ. ಸ್ಟೆರಾಯ್ಡಿನ ಸುತ್ತು ಮುಗಿದ ಮೇಲೆ ದೇಹದ ಹಾರ್ಮೋನು ತಯಾರಿಕೆಯನ್ನು ಮತ್ತೆ ಎಬ್ಬಿಸಲು ಬಳಸುವುದರಿಂದ ಅದಕ್ಕೆ ನಿಷೇಧವಿದೆ. ಗೆಲುವು ರದ್ದಾಯಿತು, ಒಂದು ವರ್ಷದ ನಿಷೇಧ ಬಿತ್ತು, ನೆವಾಡ ರಾಜ್ಯದ ಆಯೋಗ 2,50,000 ಡಾಲರ್ ದಂಡ ಹಾಕಿತು. ಡಬ್ಲ್ಯುಡಬ್ಲ್ಯುಇ ಹೇಳಿದ್ದಿಷ್ಟೇ: ಲೆಸ್ನರ್ ಪೂರ್ಣಕಾಲಿಕರಲ್ಲ, ವೆಲ್‌ನೆಸ್ ನಿಯಮ ಅವರಿಗೆ ಅನ್ವಯಿಸುವುದಿಲ್ಲ. ಆಗಸ್ಟಿನಲ್ಲಿ ಅವರು ಡಬ್ಲ್ಯುಡಬ್ಲ್ಯುಇಯ ದೊಡ್ಡ ಪ್ರದರ್ಶನವಾದ ಸಮ್ಮರ್‌ಸ್ಲ್ಯಾಮಿನ ಮುಖ್ಯ ಪಂದ್ಯದಲ್ಲಿ ರ‍್ಯಾಂಡಿ ಆರ್ಟನ್ ಅವರನ್ನು ರಕ್ತ ಬರುವಂತೆ ಬಡಿದರು. ಆ ಆರ್ಟನ್ ಮಾತ್ರ ನಿಯಮದ ವ್ಯಾಪ್ತಿಯಲ್ಲಿದ್ದರು, ಎರಡು ಸಲ ಅಮಾನತಾದವರು ಕೂಡ.

ಒಲಿಂಪಿಕ್ಸ್ ಕುಸ್ತಿಯಲ್ಲಿ ವಾಡಾ ಇದೆ, ಇಲ್ಲಿ ಯಾಕಿಲ್ಲ?

ವಾಡಾ ನಿಯಮ ಅದಕ್ಕೆ ಸಹಿ ಹಾಕಿದ ಕ್ರೀಡಾ ಸಂಸ್ಥೆಗಳಿಗೆ ಅನ್ವಯಿಸುತ್ತದೆ, ಮನರಂಜನಾ ಕಂಪನಿ ಸಹಿ ಹಾಕಬೇಕಾದ ಅಗತ್ಯವಿಲ್ಲ. ವ್ಯತ್ಯಾಸ ತಿಳಿಯಲು ನಮ್ಮ ದೇಶದ ಉದಾಹರಣೆ ಸಾಕು. ಪೈಲ್ವಾನ್ ನರಸಿಂಗ್ ಯಾದವ್ ಮೂತ್ರದಲ್ಲಿ 2016ರಲ್ಲಿ ಮೆಥಾಂಡಿಯೆನೋನ್, ಅಂದರೆ ಡಯನಬಾಲ್, ಸಿಕ್ಕಿತು. ಯಾರೋ ಆಹಾರದಲ್ಲಿ ಬೆರೆಸಿದರೆಂಬ ಅವರ ವಾದವನ್ನು ಭಾರತದ ಉದ್ದೀಪನ ಮದ್ದು ವಿರೋಧಿ ಸಂಸ್ಥೆ ನಾಡಾದ ಸಮಿತಿ ಒಪ್ಪಿ ಬಿಟ್ಟರೂ, ವಾಡಾ ಮೇಲ್ಮನವಿ ಹೋಯಿತು. ರಿಯೊದಲ್ಲಿ ಅವರ ಪಂದ್ಯದ ಮುನ್ನಾದಿನ ಕ್ರೀಡಾ ನ್ಯಾಯಮಂಡಳಿ ನಾಲ್ಕು ವರ್ಷ ನಿಷೇಧಿಸಿತು. ಅದೇ ವಸ್ತು, ಅದೇ ವರ್ಷ ವೃತ್ತಿಪರ ಕುಸ್ತಿಯಲ್ಲಿ ಮೊದಲ ತಪ್ಪಾಗಿದ್ದರೆ 30 ದಿನ. ಮೇಲ್ಮನವಿ ಹೋಗುವ ಹೊರಗಿನವರು ಯಾರೂ ಇರುತ್ತಿರಲಿಲ್ಲ.

ಅಮೆರಿಕದ ಸಂಸತ್ತು ವಿಚಾರಣೆ ಮಾಡಿತಲ್ಲ, ಏನು ಸಿಕ್ಕಿತು?

ಬೆನ್ವಾ ಘಟನೆಯ ನಂತರ ಹೆನ್ರಿ ವ್ಯಾಕ್ಸ್‌ಮನ್ ಅಧ್ಯಕ್ಷತೆಯ ಕೆಳಮನೆಯ ಸಮಿತಿ ಮ್ಯಾಕ್‌ಮಹೊನ್ ಸೇರಿದಂತೆ ಹಲವರನ್ನು ಮುಚ್ಚಿದ ಬಾಗಿಲಿನ ಹಿಂದೆ ಪ್ರಶ್ನಿಸಿತು. ವ್ಯಾಕ್ಸ್‌ಮನ್ 2009ರ ಜನವರಿಯಲ್ಲಿ ಶ್ವೇತಭವನದ ಮಾದಕವಸ್ತು ನಿಯಂತ್ರಣ ಕಚೇರಿಗೆ ಬರೆದ ಪತ್ರದಲ್ಲಿ ಎದ್ದುಕಾಣುವ ಅಂಕಿಯೊಂದಿದೆ: 2006ರಲ್ಲಿ ಪರೀಕ್ಷೆ ಶುರುವಾಗುತ್ತದೆಂದು ಮುಂಚಿತವಾಗಿ ತಿಳಿಸಿದ್ದರೂ, ಮೊದಲ ಸುತ್ತಿನಲ್ಲಿ ಶೇ. 40ರಷ್ಟು ಕುಸ್ತಿಪಟುಗಳ ಮಾದರಿಯಲ್ಲಿ ಸ್ಟೆರಾಯ್ಡ್ ಅಥವಾ ಬೇರೆ ಮದ್ದುಗಳು ಕಂಡುಬಂದವು. ಪತ್ರದಾಚೆಗೆ ಯಾವ ಕಾನೂನೂ ಬರಲಿಲ್ಲ.

ಕುಸ್ತಿಪಟುಗಳು ಸಂಘ ಕಟ್ಟಿಕೊಂಡು ಯಾಕೆ ಕೇಳಲ್ಲ?

ಬೇಸ್‌ಬಾಲ್ ಮುಂತಾದ ಆಟಗಳಲ್ಲಿ ಮದ್ದಿನ ಪರೀಕ್ಷೆಯ ನಿಯಮ ಆಟಗಾರರ ಸಂಘ ಮತ್ತು ಮಾಲೀಕರ ನಡುವಿನ ಒಪ್ಪಂದದಿಂದ ಹುಟ್ಟುತ್ತದೆ. ಡಬ್ಲ್ಯುಡಬ್ಲ್ಯುಇ ಕುಸ್ತಿಪಟುಗಳಿಗೆ ಸಂಘವಿಲ್ಲ. ಕಾಗದದ ಮೇಲೆ ಅವರು ನೌಕರರೂ ಅಲ್ಲ, ಸ್ವತಂತ್ರ ಗುತ್ತಿಗೆದಾರರು. ನಿಯಮ ಬರೆಯುವುದು, ಪರೀಕ್ಷಕರನ್ನು ನೇಮಿಸುವುದು, ಶಿಕ್ಷೆ ಕೊಡುವುದು, ಯಾರು ಪೂರ್ಣಕಾಲಿಕರೆಂದು ಹೇಳುವುದು ಎಲ್ಲವೂ ಒಂದೇ ಕಡೆ. ಪ್ರಯೋಗಾಲಯದ ಪ್ರಾಮಾಣಿಕತೆಯನ್ನು ನಾನು ಇಲ್ಲಿ ಪ್ರಶ್ನಿಸುತ್ತಿಲ್ಲ. ಯಂತ್ರ ಸರಿಯಾಗಿ ಅಳೆದರೂ ಗೆರೆ ಎಲ್ಲಿರಬೇಕೆಂದು ನಿರ್ಧರಿಸುವ ಕೈ ಬೇರೆಯೇ ಇರುತ್ತದೆ.

ಹಳೆಯ ಪೈಲ್ವಾನರಿಗೆ ಕಂಪನಿ ಏನಾದರೂ ಸಹಾಯ ಮಾಡುತ್ತಾ?

2007ರಿಂದ, ಹಿಂದೆ ಗುತ್ತಿಗೆಯಲ್ಲಿದ್ದ ಯಾರೇ ಆಗಲಿ ಚಟ ಬಿಡಿಸುವ ಚಿಕಿತ್ಸೆ ಬೇಕೆಂದರೆ ಅದರ ಖರ್ಚನ್ನು ಕಂಪನಿ ಭರಿಸುತ್ತದೆ. ಇದರಿಂದ ಬದುಕು ಮರಳಿ ಪಡೆದವರಿದ್ದಾರೆ. ಒಪ್ಪದೆ ಹೋದವರೂ ಇದ್ದಾರೆ: ಉಮಾಗಾ ಎಂಬ ಹೆಸರಿನಲ್ಲಿ ಆಡುತ್ತಿದ್ದ ಎಡ್ಡಿ ಫಾಟು 2009ರ ಜೂನಿನಲ್ಲಿ ಎರಡನೇ ಸಲ ಸಿಕ್ಕಿಬಿದ್ದು, ಚಿಕಿತ್ಸೆಗೆ ಒಪ್ಪದೆ ಕೆಲಸ ಕಳೆದುಕೊಂಡರು, ಡಿಸೆಂಬರಿನಲ್ಲಿ ತೀರಿಕೊಂಡರು.

ಸೂಪರ್‌ಸ್ಟಾರ್ ಬಿಲ್ಲಿ ಗ್ರಹಾಂ ಅವರ ಕಥೆ ಇನ್ನೊಂದು ಬಗೆಯದು. ಎಪ್ಪತ್ತರ ದಶಕದಲ್ಲಿ ಚಾಂಪಿಯನ್ ಆಗಿ, ಹೋಗನ್ ಸೇರಿದಂತೆ ಮುಂದಿನ ತಲೆಮಾರಿಗೆ ದೇಹದ ಮಾದರಿಯನ್ನು ಹಾಕಿಕೊಟ್ಟವರು ಅವರು. ಸ್ಟೆರಾಯ್ಡಿನಿಂದ ಮೂಳೆ ಸತ್ತು ಸೊಂಟದ ಕೀಲುಗಳನ್ನು ಬದಲಿಸಬೇಕಾದಾಗ ಕಂಪನಿಯ ಮೇಲೂ ಜಹೋರಿಯನ್ ಮೇಲೂ ದಾವೆ ಹೂಡಿದರು. ಕಂಪನಿಗೆ ಸೇರುವ ಬಹಳ ಮೊದಲೇ ಬಳಕೆ ಶುರುವಾಗಿದ್ದುದರಿಂದ ದಾವೆ ನಿಲ್ಲಲಿಲ್ಲ. 2004ರಲ್ಲಿ ಅದೇ ಕಂಪನಿ ಅವರನ್ನು ತನ್ನ ಗೌರವ ಪಟ್ಟಿಗೆ ಸೇರಿಸಿ ವೇದಿಕೆಗೆ ಕರೆಯಿತು, ಅವರು ಹೋದರು.